ಸಾವಿರದ ಮೇಲಿನ ಇಪ್ಪತ್ತನಾಲ್ಕು

ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ: ‘28.87. ಏನೂ ಅಳಿಸಲಿಲ್ಲ.’ ಉಳಿದದ್ದೆಲ್ಲ ನೆನಪು, ಅದನ್ನು ನಾನು ಪೂರ್ತಿ ನಂಬುವವನಲ್ಲ. ಆದರೆ ಲೆಕ್ಕ ಬಿಡಿಸಿದ್ದು ನಾನಲ್ಲ, ಹೊನ್ನವಳ್ಳಿಯ ನಮ್ಮ ದೊಡ್ಡಮ್ಮ ಎಂಬುದರಲ್ಲಿ ಅನುಮಾನವಿಲ್ಲ.

ಮಾರನೆಯ ದಿನ ಅವಳ ಗಂಟಲಿಗೆ ಆಪರೇಷನ್. ದನಿ ಮೊದಲಿನಂತೆ ಉಳಿಯುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರು. ಅದಕ್ಕೇ ಎರಡು ವಾರ ಕೂತು ಅವಳ ಸೋಬಾನೆ ಪದ, ಬೀಸುವ ಪದಗಳನ್ನೆಲ್ಲ ಫೋನಿನಲ್ಲಿ ವಿಡಿಯೊ ಮಾಡಿದ್ದೆ. ಈಗ ಆ ಫೋನು ತಾನೇ ಆರಿ ಆರಿ ಹತ್ತುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲದೆ ತಿಪಟೂರಿನಿಂದ 32 ಜಿಬಿಯ ಪೆನ್‌ಡ್ರೈವ್ ತಂದಿದ್ದೆ. ಹಾಡುಗಳೆಲ್ಲ ಸೇರಿ 31 ಜಿಬಿ ಎಂದು ಫೋನು ತೋರಿಸುತ್ತಿತ್ತು. ಪೆನ್‌ಡ್ರೈವಿನಲ್ಲಿ ಇರುವ ಜಾಗವೇ 29.8 ಎಂದು ಲ್ಯಾಪ್‌ಟಾಪು ತೋರಿಸಿತು. ಮತ್ತೆ ತಿಪಟೂರಿಗೆ ಹೋಗಿ ಬರುವವರೆಗೆ ಫೋನು ತಡೆಯುವ ಭರವಸೆ ಇರಲಿಲ್ಲ.

“ದೊಡ್ಡಮ್ಮ, ನಾಕೈದು ಪದ ಅಳಿಸ್ಬೇಕು. ಯಾವ್ದು ಬೇಡ ಹೇಳು.”

“ಹೆತ್ತೋಳ್ನ ಯಾವ ಮಗ ಬೇಡ ಅಂತ ಕೇಳ್ದಂಗಾಯ್ತು ಕಣ್ಲಾ. ಯಾಕ್ ಹಿಡಿಯಾಕಿಲ್ಲ?”

ಪೆನ್‌ಡ್ರೈವ್ ಮಾಡುವವರು ಸಾವಿರ ಬೈಟಿಗೆ ಒಂದು ಕೆಬಿ, ಸಾವಿರ ಕೆಬಿಗೆ ಒಂದು ಎಂಬಿ ಎಂದು ಅಳೆಯುತ್ತಾರೆ, ಲ್ಯಾಪ್‌ಟಾಪು ಸಾವಿರದ ಇಪ್ಪತ್ತನಾಲ್ಕಕ್ಕೆ ಅಳೆಯುತ್ತದೆ, ಅದಕ್ಕೇ 32 ಎಂದು ಬರೆದದ್ದು 29.8 ಆಗಿದೆ ಎಂದೆ. ಓದಿದವನಲ್ಲವೆ, ಅಷ್ಟು ಗೊತ್ತಿತ್ತು.

ದೊಡ್ಡಮ್ಮ ಶಾಲೆಗೆ ಹೋದವಳಲ್ಲ. ಆದರೆ ತೆಂಗಿನ ತೋಟದಲ್ಲಿ ಕಾಯಿ ಎಣಿಸುವಾಗ ಪಕ್ಕದಲ್ಲಿ ನಿಂತು ಲೆಕ್ಕ ಹಿಡಿಯುತ್ತಿದ್ದವಳು ಅವಳೇ. ಕೊಳ್ಳುವವನಿಗೆ ಸಾವಿರದ ಮೇಲೆ ಒಂದಿಷ್ಟು ಕಾಯಿ ಬಿಡುವುದು ಅಲ್ಲಿಯ ರೂಢಿ. ಬಿಟ್ಟರೂ ಅದನ್ನು ಸಾವಿರವೆಂದೇ ಕರೆಯುತ್ತಾರೆ.

“ಮೇಲಿನ ಕಾಯಿ ಸೇರ್ಸಿ ಎಣಿಸ್ತದೆ ಅನ್ನು. ಸರಿ. ನಿನ್ ಫೋನು?”

“ಅದು ಬರೀ ಸಾವಿರಕ್ಕೇ ಎಣಿಸ್ತದೆ,” ಎಂದೆ. ಅವಳು ಕೇಳುವವರೆಗೆ ಅದು ನನಗೆ ಹೊಳೆದೇ ಇರಲಿಲ್ಲ.

“ಚೀಲ ಅವ್ನ ಲೆಕ್ದಾಗೆ, ಕಾಯಿ ನಿನ್ ಲೆಕ್ದಾಗೆ ಎಣ್ಸಿ, ಹಿಡಿಯಾಕಿಲ್ಲ ಅಂತೀಯಲ್ಲ! ಎರಡೂ ಒಬ್ಬನ ಲೆಕ್ಕಕ್ಕೆ ತಾ. ಈ ಸಾವಿರದ ಎಣಿಕೆ ಎಷ್ಟು ಕೈ ದಾಟ್ತದೆ?”

ಕೆಬಿ, ಎಂಬಿ, ಜಿಬಿ ಎಂದು ಬೆರಳು ಮಡಿಸಿದೆ. “ಮೂರು.”

“ಹಂಗಾದ್ರೆ ಕೈಗೊಂದರಂಗೆ ಮೂರು ಕಿತ ಮೇಲಿನ ಕಾಯಿ ಕಳೀಬೇಕು. ಒಂದೇ ಕಿತ ಕಳ್ದು ಕೂತ್ಕೊಬೇಡ.”

ಈ ಮಾತು ಅವಳು ಇಷ್ಟು ಅಚ್ಚುಕಟ್ಟಾಗಿ ಹೇಳಿದಳೋ, ನಾನೇ ಆಮೇಲೆ ತಿದ್ದಿಕೊಂಡೆನೋ ಗೊತ್ತಿಲ್ಲ. ಎಷ್ಟು ಕೈ ಎಂದು ಕೇಳಿದ್ದು ಮಾತ್ರ ಖಂಡಿತ. ಸಾವಿರದಿಂದ ಗುಣಿಸಿ, ಸಾವಿರದ ಇಪ್ಪತ್ತನಾಲ್ಕರಿಂದ ಭಾಗಿಸುತ್ತ ಹೋದೆ. ಮೂರನೆಯ ಸಲಕ್ಕೆ 31 ಎಂಬುದು 28.87ಕ್ಕೆ ಇಳಿದು, 29.8ರೊಳಗೆ ಹಿಡಿಯುವಂತಾಗಿತ್ತು. ಒಂದು ಹಾಡೂ ಕಮ್ಮಿಯಾಗಿರಲಿಲ್ಲ. ಓದಿನ ಬಗ್ಗೆ ಆ ಹೊತ್ತು ನನಗೆ ನಾಚಿಕೆಯಾಗಲಿಲ್ಲ, ಅವಳ ಬಗ್ಗೆ ಹೆಮ್ಮೆಯಾಯಿತು.

ಹಾಡುಗಳು ಒಂದೊಂದಾಗಿ ಪೆನ್‌ಡ್ರೈವಿಗೆ ಇಳಿಯುವವರೆಗೂ ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

“ಇನ್ನೂ ಜಾಗ ಐತೇನ್ಲಾ?”

“ಒಂದ್ ಚೂರು ಐತೆ.”

“ನಿಮ್ಮವ್ವನ್ನ ಧಾರೆ ಎರೆಯೋವಾಗ ಹಾಡಿದ್ದು ಒಂದು ಬಿಟ್ಟೋಗೈತೆ. ಬುಡು, ನಾಳೆ ದನಿ ಹೆಂಗಾರ ಇರ್ಲಿ,” ಎಂದು ನೀರು ಕುಡಿದು, ಸೆರಗು ಸರಿಮಾಡಿಕೊಂಡು ಕೂತಳು. ಫೋನು ಆರದಿರಲಿ ಎಂದುಕೊಳ್ಳುತ್ತ ಅವಳ ಮುಂದೆ ಹಿಡಿದೆ.