ಕಣ್ಣು ಬಿಟ್ಟುಕೊಂಡು ಮಲಗಿದ ಅಪ್ಪ

ಒಂಬತ್ತನೇ ಕ್ಲಾಸಿನಲ್ಲಿ ನಮಗೆ ಲೆಕ್ಕದ ಹೋಂವರ್ಕಿಗಿಂತ ಡ್ರಾಯಿಂಗ್ ಹೋಂವರ್ಕೇ ದೊಡ್ಡ ತಲೆನೋವು. ಲೆಕ್ಕವನ್ನಾದರೂ ಪಕ್ಕದವಳ ಪುಸ್ತಕ ನೋಡಿ ಇಳಿಸಬಹುದಿತ್ತು. ಡ್ರಾಯಿಂಗ್ ಮೇಷ್ಟ್ರ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. "ಕಣ್ಣಾರೆ ನೋಡಿದ್ದನ್ನ ಮಾತ್ರ ಬರೀರಿ. ನೆನಪಿಂದ ಬರ್ದಿದ್ದು ನಂಗೆ ತಕ್ಷಣ ಗೊತ್ತಾಗುತ್ತೆ, ಹರಿದು ಬಿಸಾಕ್ತೀನಿ" ಅನ್ನುತ್ತಿದ್ದರು. ಅಂಥವರು ಒಂದು ಸೋಮವಾರ, ಮನೆಯವರಲ್ಲಿ ಯಾರಾದರೂ ಒಬ್ಬರ ಚಿತ್ರ ಬರೆದು ತನ್ನಿ, ಒಂದು ವಾರ ಟೈಮು ಅಂದರು.

ಕ್ಲಾಸಿನವರೆಲ್ಲ ಅಮ್ಮನನ್ನೋ ಅಜ್ಜಿಯನ್ನೋ ಹಿಡಿದು ಕೂರಿಸಿದರು. ನಾನು ಅಪ್ಪನನ್ನೇ ಬರೆಯುತ್ತೇನೆ ಅಂತ ಹಟ ಹಿಡಿದೆ. ಯಾಕೆ ಅಂದರೆ ಅಪ್ಪ ನನಗೆ ಸಿಗುತ್ತಲೇ ಇರಲಿಲ್ಲ. ಅದು ತೊಂಬತ್ತರ ದಶಕ. ಶ್ರೀನಗರದಲ್ಲಿ ನಮ್ಮದು ಬಾಡಿಗೆ ಮನೆ, ಒಂದು ಹಾಲು, ಒಂದು ಅಡುಗೆಮನೆ ಅಷ್ಟೇ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಕಾಯಂ ಸೆಕೆಂಡ್ ಶಿಫ್ಟು. ಅವರು ಮಧ್ಯಾಹ್ನ ಹೊರಟರೆ ವಾಪಸ್ ಬರುವಷ್ಟರಲ್ಲಿ ನನಗೆ ನಿದ್ದೆ. ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವಾಗ ಅವರಿಗೆ ನಿದ್ದೆ. ಭಾನುವಾರವಾದರೂ ಇರುತ್ತಾರಾ ಅಂದರೆ ಓಟಿ ಅಂತ ಹೋಗಿಬಿಡುತ್ತಿದ್ದರು. ಬಾಗಿಲ ಪಕ್ಕದಲ್ಲಿದ್ದ ಅವರ ಶೂಗಳ ಜೊತೆ ನನಗೆ ಹೆಚ್ಚು ಒಡನಾಟ ಇತ್ತು ಅಂದರೂ ತಪ್ಪಿಲ್ಲ. ಗೆಳತಿಯರು "ನಮ್ಮಪ್ಪ ಹಂಗಂದ್ರು, ಹಿಂಗಂದ್ರು" ಅಂತ ಕೊಚ್ಚಿಕೊಳ್ಳುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಜಯನಗರ ಕಾಂಪ್ಲೆಕ್ಸಿನಿಂದ ತಂದ ದಪ್ಪ ಹಾಳೆ ಇತ್ತು. ಬೆಳಗಿನ ಜಾವ ಎದ್ದು, ಹಾಲಿನ ಕೆಂಪು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದ ಅಪ್ಪನ ಪಕ್ಕ ಕೂತೆ. ದಿನಾ ಸ್ಕೂಲಿಗೆ ಹೊರಡುವ ತನಕ ಅದೇ ಕೆಲಸ. ಮಡಿಸಿದ ಮೊಣಕಾಲು, ಎದೆ ಮೇಲೆ ಒಂದು ಕೈ, ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಗ್ರೀಸು. ಅವರ ಗೊರಕೆಗೆ ಹೆದರಿ ಒಂದೆರಡು ಸಲ ಪೆನ್ಸಿಲ್ ಜಾರಿತು, ಅದು ಬೇರೆ ವಿಷಯ. ಅಷ್ಟು ಹೊತ್ತು ಅಪ್ಪನನ್ನ ನೋಡಿಕೊಂಡು ಕೂತಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಶುಕ್ರವಾರ ಅಮ್ಮ ಕಾಫಿ ಲೋಟ ಹಿಡಿದುಕೊಂಡು ಬಂದವಳು ಹಾಳೆ ನೋಡಿ ಹೌಹಾರಿದಳು.

"ಏನೇ ಇದು! ಉದ್ದಕ್ಕೆ ಮಲಗ್ಸಿ, ಕಣ್ಣು ಮುಚ್ಸಿ, ಎದೆ ಮೇಲೆ ಕೈ ಬೇರೆ! ಬದುಕಿರೋ ಮನುಷ್ಯನ್ನ ಹಿಂಗಾ ಬರೆಯೋದು? ಬಿಡ್ತು ಅನ್ನು ಮೊದ್ಲು!"

"ಬಿಡ್ತು," ಅಂದೆ. "ಮಲಗಿರೋರನ್ನ ಇನ್ನು ಹೆಂಗಮ್ಮ ಬರೀಲಿ?"

"ಅದೆಲ್ಲ ನಂಗೊತ್ತಿಲ್ಲ. ಕಣ್ಣು ತೆರೆಸು. ಇಲ್ದಿದ್ರೆ ಈ ಹಾಳೆ ಒಲೆಗೆ ಹೋಗುತ್ತೆ."

ಅಮ್ಮ ಹೇಳಿದ್ದು ಮಾಡುವವಳೇ. ರಬ್ಬರ್ ತಗೊಂಡು ಮುಚ್ಚಿದ ರೆಪ್ಪೆಗಳನ್ನ ಅಳಿಸಿದೆ. ಅಳಿಸಿ ಪೆನ್ಸಿಲ್ ಹಿಡಿದೆ ನೋಡಿ, ಕೈ ಓಡಲಿಲ್ಲ. ದೇವರಾಣೆಗೂ ಹೇಳ್ತೀನಿ, ಅಪ್ಪನ ಕಣ್ಣು ಹೇಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಸುಮ್ಮನೆ ಏನೋ ಎರಡು ಗೀಚಿದರೆ ಮೇಷ್ಟ್ರು ಹರಿದು ಬಿಸಾಕುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಮುಖಕ್ಕೆ ಯಾರದ್ದೋ ಕಣ್ಣು ಇಡೋದಕ್ಕೆ ನನಗೇ ಮನಸ್ಸು ಬರಲಿಲ್ಲ. ಸ್ಕೂಲಿಗೆ ಹೋಗುವ ದಾರಿಯುದ್ದಕ್ಕೂ ಅಳು ಬರುತ್ತಿತ್ತು.

ಉಳಿದಿದ್ದು ಶನಿವಾರ ಒಂದೇ. ಅವತ್ತು ಸ್ಕೂಲು ಅರ್ಧ ದಿನ. ಬೆಲ್ ಹೊಡೆದಿದ್ದೇ ತಡ, ಹನುಮಂತನಗರದ ಇಳಿಜಾರಿನಲ್ಲಿ ಬ್ಯಾಗು ಬೆನ್ನಿಗೆ ಬಡಿಯುವ ಹಾಗೆ ಓಡಿದೆ. ಮನೆ ಸೇರಿದಾಗ ಅಪ್ಪ ಊಟ ಮುಗಿಸಿ ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದರು.

"ಅಪ್ಪ, ಹೋಗ್ಬೇಡಿ. ಒಂಚೂರು ನನ್ನ ನೋಡಿ," ಅಂದೆ ಏದುಸಿರಲ್ಲಿ.

"ಯಾಕಮ್ಮ, ಏನಾಯ್ತು?"

"ನಿಮ್ಮ ಕಣ್ಣು ಬರೀಬೇಕು. ಹೋಂವರ್ಕು."

ಅಪ್ಪ ನಕ್ಕರು. ಲೇಸು ಅರ್ಧಕ್ಕೇ ಬಿಟ್ಟು ತಲೆ ಎತ್ತಿ ನನ್ನನ್ನ ನೋಡಿದರು. ಅವರ ಕಣ್ಣು ನಾನಂದುಕೊಂಡ ಹಾಗೆ ಕಪ್ಪಲ್ಲ, ಬೆಲ್ಲದ ಬಣ್ಣ! ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದಿತ್ತು. ನಾನು ಬರೆಯುತ್ತಾ ಹೋದೆ, ಅವರು ರೆಪ್ಪೆ ಬಡಿಯೋದಕ್ಕೂ ಹಿಂಜರಿಯುತ್ತಾ ಕೂತರು. ರಸ್ತೆ ತುದಿಯಲ್ಲಿ ಫ್ಯಾಕ್ಟರಿ ಬಸ್ಸು ಹಾರನ್ ಹೊಡೀತು. ಅಡುಗೆಮನೆಯಿಂದ ಅಮ್ಮ "ರೀ, ಬಸ್ಸು!" ಅಂತ ಕೂಗಿದಳು. ಅಪ್ಪ ಅಲ್ಲಾಡಲಿಲ್ಲ. ಇನ್ನೊಂದು ಸಲ ಹಾರನ್ ಹೊಡೆದು ಬಸ್ಸು ಹೊರಟೇ ಹೋಯಿತು.

"ಅಪ್ಪ, ನಿಮ್ ಬಸ್ಸು..."

"ಹೋಗ್ಲಿ ಬಿಡೇ. ಸಿಟಿ ಬಸ್ಸಲ್ಲಿ ಹೋಗ್ತೀನಿ. ನೀನು ಬರಿ," ಅಂದರು. ಆಮೇಲೆ, ನನ್ನನ್ನೇ ನೋಡುತ್ತಾ, "ಎಷ್ಟು ಉದ್ದ ಆಗ್ಬಿಟ್ಟಿದೀಯಲ್ಲೇ ನೀನು," ಅಂದರು.

ಆ ಮಾತು ಕೇಳಿ ನನಗೆ ಹಾಳೆ ಕಾಣಿಸಲಿಲ್ಲ. ನಾನು ಅಪ್ಪನಿಗಾಗಿ ಕಾಯುತ್ತಿದ್ದ ಹಾಗೆ, ಅಪ್ಪನೂ ನಾನು ಬೆಳೆಯೋದನ್ನ ನೋಡೋಕೆ ಹಾತೊರೆದಿದ್ದರು. ಅದನ್ನ ಯಾರೂ ನನಗೆ ಹೇಳಿರಲಿಲ್ಲ.

ಸೋಮವಾರ ಮೇಷ್ಟ್ರು ಚಿತ್ರ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಚಾಪೆ ಮೇಲೆ ಕಾಲು ಮಡಿಸಿ, ಎದೆ ಮೇಲೆ ಕೈ ಇಟ್ಟು ಗಾಢನಿದ್ದೆಯಲ್ಲಿರುವ ಮನುಷ್ಯ, ಕಣ್ಣು ಮಾತ್ರ ಪೂರ್ತಿ ಬಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಾನೆ! "ಏನಮ್ಮ, ನಿಮ್ಮಪ್ಪ ಮಲಗಿದ ಮೇಲೂ ಮನೆ ಕಾವಲು ಕಾಯ್ತಾರಾ?" ಅಂದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಆದರೆ ಮೇಷ್ಟ್ರು ಹರಿಯಲಿಲ್ಲ. ಕಣ್ಣಿನ ಹತ್ತಿರ ಬೆರಳಿಟ್ಟು, "ಇದು ಮಾತ್ರ ಚೆನ್ನಾಗಿ ನೋಡಿದೀಯ" ಅಂದರು. ಅಮ್ಮ ಅದನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಳು.

ಎರಡು ಸಾವಿರನೇ ಇಸವಿ ಆದಮೇಲೆ ನಾವು ಸುಬ್ರಹ್ಮಣ್ಯಪುರದಲ್ಲಿ ಸ್ವಂತ ಮನೆ ಮಾಡಿದೆವು. ಅಪ್ಪ ರಿಟೈರ್ ಆದರು. ಇನ್ನು ಮೇಲೆ ದಿನಾ ಸಿಗುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ನನಗೆ ಮದುವೆ, ಆಫೀಸು. "ಭಾನುವಾರ ಬರ್ತೀನಪ್ಪ" ಅನ್ನುವ ಸರದಿ ನನ್ನದಾಗಿತ್ತು. ಒಂದು ಬೆಳಿಗ್ಗೆ ಅಮ್ಮನ ಫೋನು ಬಂತು. ನಾನು ಹೋಗುವಷ್ಟರಲ್ಲಿ ಅಪ್ಪನನ್ನ ಹಾಲಿನಲ್ಲಿ ಮಲಗಿಸಿದ್ದರು, ಚಾಪೆ ಮೇಲೆ, ಉದ್ದಕ್ಕೆ, ಎದೆ ಮೇಲೆ ಕೈ ಇಟ್ಟು. ಉಗುರು ಸ್ವಚ್ಛವಾಗಿತ್ತು.

ನಾನು ಪಕ್ಕದಲ್ಲಿ ಕೂತೆ. ಅಮ್ಮ ಒಳಗೆ ಹೋಗಿ ಬೀರು ತೆಗೆದ ಸದ್ದಾಯಿತು. ಆ ಹಳೇ ಹಾಳೆ ತಂದು ನನ್ನ ಮಡಿಲಲ್ಲಿಟ್ಟು, ನನ್ನ ಎರಡೂ ಕೈ ಹಿಡಿದುಕೊಂಡಳು.

"ಅವತ್ತು ನಾನು ಹೇಳಿದ್ದಕ್ಕೆ ಕಣ್ಣು ತೆರೆಸಿದ್ಯಲ್ಲೇ," ಅಂದಳು. "ಇನ್ನೊಂದ್ಸಲ ತೆರೆಸೇ."