ಗೇರ್ ಬಾಕ್ಸಿನ ಎಣ್ಣೆ ಬದಲಿಸಿದ ಭಾನುವಾರ

ಭಾನುವಾರ ಆಳುಗಳ ಹಾಜರಿ ಇರುತ್ತಿರಲಿಲ್ಲ. ಹಾಗಾಗಿ ನಮ್ಮ ಯಜಮಾನರ ಕಾಫಿ ಐದೂವರೆಗಲ್ಲ, ಏಳಕ್ಕೆ. ನಾನು ಮಾತ್ರ ಎಂದಿನಂತೆ ಕತ್ತಲಿರುವಾಗಲೇ ಎದ್ದು, ಹಂಡೆಯ ಒಲೆಗೆ ಒಣಕಡ್ಡಿ ತುರುಕಿ, ಲಾಟೀನಿನ ಗಾಜುಗಳನ್ನು ಬೂದಿ ಹಾಕಿ ಒರೆಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಹೂಮಳೆ ಬಿದ್ದು ವಾರವಾಗಿತ್ತು. ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿ, ಹಾಲಿನ ಪಾತ್ರೆಯ ಮುಚ್ಚಳ ತೆಗೆದರೂ ಹೂವಿನದೇ ವಾಸನೆ. ಬಂದು ನೋಡಿ ಎಂದು ಕರೆಯೋಣವೆಂದರೆ ಆ ಹೊತ್ತಿಗೆ ಎದ್ದವರು ಯಾರೂ ಇರಲಿಲ್ಲ.

ಸಕ್ಕರೆ ಡಬ್ಬದ ಹಿಂದೆ ಒಂದು ಕಾಗದ ಇಟ್ಟುಕೊಂಡಿದ್ದೆ. ಮಂಗಳೂರಿನ ಕಾನ್ವೆಂಟಿನಲ್ಲಿ ನನಗೆ ಏಳು ವರ್ಷ ಪಾಠ ಹೇಳಿದ ಸಿಸ್ಟರ್ ಬರೆದದ್ದು. ಬರುವ ಗುರುವಾರ ಅವರು ತಮ್ಮ ದೇಶಕ್ಕೆ ಹೊರಡುವವರಿದ್ದರು. ಇನ್ನು ತಿರುಗಿ ಬರುವುದಿಲ್ಲ. ಆಗುವುದಾದರೆ ಒಮ್ಮೆ ಬಂದು ಹೋಗು ಎಂದಿದ್ದರು. ಬಸ್ಸಿನಲ್ಲಿ ಒಬ್ಬಳೇ ಹೋಗುವ ಮಾತನ್ನು ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ. ಯಜಮಾನರನ್ನು ಕೇಳಿದ್ದಕ್ಕೆ, "ಗೇರ್ ಬಾಕ್ಸಿನ ಎಣ್ಣೆ ಬದಲಾಯಿಸದೆ ಈ ಗಾಡೀನ ಘಾಟಿ ಇಳಿಸಕ್ಕಾಗಲ್ಲ. ಭಾನುವಾರ ಅದೊಂದು ಮುಗೀಲಿ, ಆಮೇಲೆ ನೋಡಾಣ" ಅಂದಿದ್ದರು.

ಗಾಡಿ ಎರಡೇ ಸೀಟಿನದು, ಟಾಪು ಮಡಚುವಂಥದ್ದು. ತಮ್ಮ ಸೀಮೆಗೆ ಹೊರಟುಹೋದ ಬಿಳಿ ದೊರೆಯೊಬ್ಬರಿಂದ ಕೊಂಡದ್ದು. ಅದರ ಜೊತೆ ಗಾಡಿ ರಿಪೇರಿಯ ಒಂದು ಇಂಗ್ಲಿಷ್ ಪುಸ್ತಕವೂ ಬಂದಿತ್ತು. ಅದನ್ನು ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ.

ಎಣ್ಣೆ ಬಿಸಿಯಿರುವಾಗಲೇ ಇಳಿಸಬೇಕೆಂದು ಪುಸ್ತಕದಲ್ಲಿತ್ತು. ಅದಕ್ಕೇ ಘಾಟಿ ಶುರುವಾಗುವ ಮಾರನಹಳ್ಳಿವರೆಗೆ ಹೋಗಿ ಬಂದೆವು. ಸೆರಗನ್ನು ಕಿವಿಗೆ ಬಿಗಿದು ಕೂತಿದ್ದೆ. ಗಾಳಿಗೆ ಮಾತೇನೂ ಆಗಲಿಲ್ಲ. ರಸ್ತೆ ಕೆಳಕ್ಕೆ ಇಳಿಯುವುದು ಕಾಣುವ ಕಡೆ ಅವರು ಗಾಡಿ ತಿರುಗಿಸಿಬಿಟ್ಟರು.

ಕಾಫಿ ಸ್ಟೋರಿನ ಮುಂದಿನ ಒಣ ಚರಂಡಿಗೆ ಅಡ್ಡಲಾಗಿ ಎರಡು ದಪ್ಪ ಹಲಗೆ ಹಾಕಿ, ಅದರ ಮೇಲೆ ಗಾಡಿ ನಿಲ್ಲಿಸಿ, ಅವರು ಚರಂಡಿಯೊಳಗೆ ಗೋಣಿ ಹಾಸಿಕೊಂಡು ಮಲಗಿದರು. ನಾನು ಗಾಡಿಯೊಳಗೆ. ಗೇರಿನ ಪಕ್ಕ ಕಾರ್ಪೆಟ್ ಸರಿಸಿದರೆ ಒಂದು ಮುಚ್ಚಳ. ಅದನ್ನು ತೆಗೆದರೆ ಎಣ್ಣೆ ಹಾಕುವ ಜಾಗ. ಸುತ್ತ ಇದ್ದ ಸಂದಿಯಿಂದ ಅವರ ದನಿ ಮೇಲೆ ಬರುತ್ತಿತ್ತು.

"ಪುಸ್ತಕದಲ್ಲಿ ಏನೈತೆ?"

"ಮೊದಲು ಮೇಲಿನ ನಟ್ಟು ಬಿಚ್ಚಕ್ಕೆ ಬರುತ್ತೋ ನೋಡಿ, ಆಮೇಲೆ ಕೆಳಗಿನದಕ್ಕೆ ಕೈ ಹಾಕಿ ಅಂತ ಇದೆ."

"ಇಷ್ಟು ಉಪದೇಶ ಮಾಡೋನು ಯಾವನೋ ಹೆಡ್‌ಮಾಸ್ಟ್ರೇ ಇರ್ಬೇಕು ಕಣೇ."

"ಹೆಡ್‌ಮಾಸ್ಟ್ರು ಗಾಡಿ ಅಡೀಲಿ ಮಲಗ್ತಾರೇನ್ರಿ?"

ಕೆಳಗಿನಿಂದ ನಗು ಕೇಳಿಸಿತು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ. ಎದುರಾಬದುರು ಕೂತು ಉಣ್ಣುವಾಗ ಉಪ್ಪು, ಮಜ್ಜಿಗೆ ಬಿಟ್ಟರೆ ನಮ್ಮ ನಡುವೆ ಬೇರೆ ಮಾತೇ ಇರುತ್ತಿರಲಿಲ್ಲ.

ಹಳೇ ಎಣ್ಣೆ ಅರ್ಧಕ್ಕೆ ಕತ್ತರಿಸಿದ ಸೀಮೆಎಣ್ಣೆ ಡಬ್ಬಕ್ಕೆ ಕಪ್ಪಗೆ ಇಳಿಯಿತು. ಹೊಸ ಎಣ್ಣೆಯ ಟಿನ್ನನ್ನು ನಾನು ಮೊದಲೇ ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟಿದ್ದೆ, ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಇಡುವ ಹಾಗೆ. "ಜಾಣೆ ಕಣೇ ನೀನು" ಅಂದರು. ಲಾಳಿಕೆಗೆ ಬೇಕೆಂದೇ ಸಣ್ಣಗೆ ಸುರಿದೆ. ಮುಗಿದುಹೋದರೆ ಮಾತೂ ಮುಗಿಯುತ್ತದಲ್ಲ. "ಇನ್ನೆಷ್ಟೈತೆ?" ಅಂತ ಅವರು, "ಇನ್ನೂ ಇದೆ" ಅಂತ ನಾನು. ಯಾವ ಸೀರೆ ಉಡಲಿ, ಸಿಸ್ಟರಿಗೆ ನಮ್ಮ ತೋಟದ ಕಾಫಿಪುಡಿ ಎಷ್ಟು ಕಟ್ಟಲಿ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ಅಳತೆ ಕಡ್ಡಿಯ ಗೆರೆಗೆ ಎಣ್ಣೆ ಮುಟ್ಟಿತು. ಅವರು ಹೊರಗೆ ಬಂದು ಡಬ್ಬವನ್ನು ಬಿಸಿಲಿಗೆ ಎಳೆದರು. ಕಪ್ಪು ಎಣ್ಣೆಯಲ್ಲಿ ಚಿನ್ನದ ಹುಡಿಯಂಥದ್ದು ಏನೋ ತೇಲಾಡುತ್ತಿತ್ತು. ನನಗೆ ಚಂದ ಕಂಡಿತು. ಅವರು ಬೆರಳಿನಲ್ಲಿ ತೆಗೆದು ಉಜ್ಜಿ ನೋಡಿದರು.

"ಹಿತ್ತಾಳೆ ಪುಡಿ. ಒಳಗೆ ಏನೋ ಸವೀತಾ ಐತೆ. ಈ ಸಲ ಘಾಟಿ ಬ್ಯಾಡ."

ನಾನು "ಹೂಂ" ಅಂದೆ. ಅವರು ಸೋಪು ಕೇಳಿದರು, ಕೊಟ್ಟೆ.

ಮಧ್ಯಾಹ್ನ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಹಿತ್ತಾಳೆ ಪುಡಿಯ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಬರಲಾಗುವುದಿಲ್ಲ ಎಂದು ಸಿಸ್ಟರಿಗೆ ಬರೆದು, ಎರಡು ಕಾಫಿ ಹೂ ಒಳಗಿಟ್ಟು, ನಾಳೆಯ ಟಪಾಲಿಗೆಂದು ಲಕೋಟೆ ಅಂಟಿಸಿದೆ. ಉಗುರಿನ ಸಂದಿಯ ಎಣ್ಣೆ ಅದರ ಮೂಲೆಗೂ ತಾಗಿತು.

ಸಂಜೆ ಪಕ್ಕದ ಎಸ್ಟೇಟಿನ ಹಿರಿಯರು ಬೆತ್ತ ಬೀಸಿಕೊಂಡು ಬಂದರು. ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಯಜಮಾನರು ಎಣ್ಣೆಯ ವಿಷಯ ತೆಗೆದು, ಹಿತ್ತಾಳೆ ಪುಡಿ ಬಂತು, ಗಾಡಿ ಇನ್ನು ದೂರ ಹೋಗೋ ಹಾಗಿಲ್ಲ ಎಂದರು. ಹಿರಿಯರು ನಾನು ಕೊಟ್ಟ ಬಿಸಿ ಲೋಟವನ್ನು ಊದುತ್ತಾ ಅಂದರು:

"ಹಿತ್ತಾಳೆ ಪುಡಿನಾ? ಅದು ಯಾವ ಗಾಡೀಲಿ ಬರಲ್ಲ ಮಾರಾಯ? ನಂದ್ರಲ್ಲಿ ಹತ್ತು ವರ್ಷದಿಂದ ಬರ್ತಾನೇ ಐತೆ, ಮೊನ್ನೇನೂ ಮಂಗಳೂರಿಗೆ ಹೋಗಿ ಬಂದ್ಬುಟ್ಟೆ. ತಾಯಿ, ಇದಕ್ಕೆ ಬೆಲ್ಲ ಇನ್ನೊಂಚೂರು ಬೇಕಾಗಿತ್ತು ಕಣಮ್ಮ."