ಕಾಕು ಹಿಡಿದ ಬೆಳಕು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ದಾಂಡೇಲಿಯ ನನ್ನ ಸ್ಟುಡಿಯೊಗೆ ಬರುವವರಿಗೆಲ್ಲ ಇದು ಗೊತ್ತು. ಪಾಸ್‌ಪೋರ್ಟ್ ಫೋಟೊಗೆ ಕೂತು ಅಲುಗಾಡುವವರನ್ನು ಬೈಯುತ್ತೇನೆ, ಕತ್ತು ಎತ್ತಿ ಎಂದರೆ ಗದ್ದ ಎತ್ತುವವರನ್ನು ಬೈಯುತ್ತೇನೆ. ತಪ್ಪು ನನ್ನದೇ ಆದಾಗ ಮಾತ್ರ, ಬೈಯಲು ಬೇರೆ ಯಾರಾದರೂ ಸಿಗುತ್ತಾರೋ ಎಂದು ಮೊದಲು ಸುತ್ತಮುತ್ತ ನೋಡುತ್ತೇನೆ. ಕಾಕಾನ ಫೋಟೊ ಕೆಟ್ಟಾಗ ನನಗೆ ಸಿಕ್ಕಿದ್ದು ಕ್ಯಾಮೆರಾ.

ಕಾಕಾ ಮತ್ತು ಕಾಕು ಕೋಗಿಲಬನದಲ್ಲಿ ನಮ್ಮ ನೆರೆಯವರು. ಧಾರವಾಡದ ಕಡೆಯಿಂದ ಬಂದವರು, ರಕ್ತಸಂಬಂಧವೇನೂ ಇಲ್ಲ, ಆದರೆ ನಾನು ಲಂಗ ಹಾಕುವ ಕಾಲದಿಂದಲೂ ಕಾಕಾ, ಕಾಕು ಎಂದೇ ಕರೆದದ್ದು. ಕಾಕಾ ಕಾಗದದ ಕಾರ್ಖಾನೆಯಲ್ಲಿದ್ದರು. ಎರಡನೇ ಪಾಳಿಯ ವಾರಗಳಲ್ಲಿ ರಾತ್ರಿ ಹತ್ತಕ್ಕೆ ಬಿಡುಗಡೆ. ಆಮೇಲೆ ಸೈಕಲ್ ಹತ್ತಿ ಬರಬೇಕು, ಮನೆಯ ಹತ್ತಿರದ ರಸ್ತೆಯಲ್ಲಿ ಎರಡೂ ಕಡೆ ಮರ, ದೀಪದ ಕಂಬ ಇದ್ದರೂ ಉರಿಯುವುದು ಅದರ ಮರ್ಜಿ. ಆ ಹೊತ್ತಿಗೆ ಕಾಕು ಮನೆಯ ಮುಂದಿನ ಕಟ್ಟೆ ಹತ್ತಿ ನಿಲ್ಲುತ್ತಿದ್ದರು. ಕೈಯಲ್ಲಿ ಬ್ಯಾಟರಿ. ಅದನ್ನು ಕಿವಿಯ ಪಕ್ಕಕ್ಕೆ ಹಿಡಿದು ರಸ್ತೆಗೆ ಬೆಳಕು ಬಿಡುತ್ತಿದ್ದರು. ದೂರದಲ್ಲಿ ಕಾಕಾಗೆ ಕಾರ್ಖಾನೆಯವರು ಕೊಟ್ಟ ಜಾಕೆಟ್ಟಿನ ಎರಡು ಪಟ್ಟಿಗಳು ಫಳ್ಳನೆ ಹೊಳೆದರೆ ಒಳಗೆ ಹೋಗಿ ಹಂಚು ಒಲೆಯ ಮೇಲಿಡುತ್ತಿದ್ದರು. ಸೈಕಲ್ ಗೋಡೆಗೆ ಒರಗಿಸಿ ಕಾಕಾ ಕೈಕಾಲು ತೊಳೆಯುವಷ್ಟರಲ್ಲಿ ಮೊದಲನೇ ರೊಟ್ಟಿ ಉಬ್ಬಿರುತ್ತಿತ್ತು. ಪಟ್ಟಿ ಹೊಳೆಯದೆ ಆ ಮನೆಯಲ್ಲಿ ಹಂಚು ಕಾದದ್ದನ್ನು ನಾನು ನೋಡಿಲ್ಲ.

ಕಾಕಾನ ನಿವೃತ್ತಿಗೆ ಒಂದು ವಾರ ಇದ್ದಾಗ ಅವರ ಜೊತೆಯವರು ನನ್ನನ್ನು ಕರೆದರು. ಸಂಜೆ ಕತ್ತಲಾದ ಮೇಲೆ ಕಾರ್ಖಾನೆಯ ಗೇಟಿನ ಹೊರಗೆ, ಕೊರಳಲ್ಲಿ ಹಾರ, ಮೈಮೇಲೆ ಜಾಕೆಟ್. ಫೋಟೊ ಚಂದ ಬರಲಿ ಎಂದು ಕಾಕು ಹಿಂದಿನ ದಿನ ಆ ಪಟ್ಟಿಗಳಿಗೆ ಸಾಬೂನು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದಿದ್ದರು. ನಾನು ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಸಿಕ್ಕಿಸಿ ನಾಲ್ಕು ಸಲ ಒತ್ತಿದೆ. ಸರಿಯಾಗಿ ನೋಡದೆಯೇ ಪ್ರಿಂಟು ಹಾಕಿ ಕೊಟ್ಟುಬಿಟ್ಟೆ. ಅವತ್ತು ಬೇರೆ ಕಡೆ ಒಂದು ಹುಟ್ಟುಹಬ್ಬ ಇತ್ತು, ಅವಸರ.

ಮರುದಿನ ಕಾಕು ಪ್ರಿಂಟು ಹಿಡಿದುಕೊಂಡು ಸ್ಟುಡಿಯೊಗೇ ಬಂದರು.

"ಇದರಾಗ ನಿಮ್ಮ ಕಾಕಾ ಎಲ್ಲಿ ಅದಾರ, ತೋರ್ಸು" ಎಂದರು.

ಎದೆಯ ಮೇಲೆ ಎರಡು ಬಿಳಿ ಪಟ್ಟಿಗಳು ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿದ್ದವು. ಮುಖ ಇರಬೇಕಾದ ಕಡೆ ಕಪ್ಪು. ಆ ಹೊಳಪನ್ನು ಕಂಡು ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಿಳಿದು ಫ್ಲ್ಯಾಶನ್ನು ತಗ್ಗಿಸಿಬಿಟ್ಟಿತ್ತು.

"ಕ್ಯಾಮೆರಾ ಹಳೇದಾಗೈತ್ರಿ ಕಾಕು" ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಕಾಕು ಜಗಳ ಮಾಡಲಿಲ್ಲ. ಮಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಸ್ಟೂಲಿನ ಮೇಲೆ ಕೂತು, ಕೊನೆಯ ಪಾಳಿಯ ಮರುದಿನ ಮುಂಜಾನೆ ಜಾಕೆಟ್ಟನ್ನು ಕಾರ್ಖಾನೆಯ ಸ್ಟೋರಿಗೆ ವಾಪಸು ಕೊಡಬೇಕು ಎಂದು ಹೇಳಿದರು. ಅಷ್ಟರೊಳಗೆ ಜಾಕೆಟ್ ಹಾಕಿಕೊಂಡ ಕಾಕಾನ ಒಂದು ಫೋಟೊ ಬೇಕಿತ್ತು ಅವರಿಗೆ, ಗೋಡೆಗೆ. ಮೊಳೆ ಕೂಡ ಆಗಲೇ ಹೊಡೆದಿದ್ದರು.

"ಹಗಲ ಹೊತ್ತಿನಾಗ ತಗದ್ರ ಆತಲ್ರಿ" ಎಂದೆ.

"ನಾ ಕಾಯ್ದಿದ್ದು ರಾತ್ರಿ" ಎಂದರು ಕಾಕು.

"ಹಂಗಾರ ಪಟ್ಟಿ ಮ್ಯಾಲೆ ಕರೇ ಟೇಪ್ ಹಚ್ಚೂಣು."

"ಪಟ್ಟಿ ಮುಚ್ಚಿದ್ರ ಅದು ಅವರ ಜಾಕೆಟ್ ಹೆಂಗಾಕ್ಕೈತಿ? ಯಾರದರ ಆಗಬಹುದು. ಮಾರೀನೂ ಬೇಕು, ಪಟ್ಟೀನೂ ಬೇಕು. ಆಗೂದಿಲ್ಲಂದ್ರ ಈಗ ಹೇಳಿಬಿಡು."

ಆಗುತ್ತದೆ ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾಚಿಕೆಯೂ ಆಗಿತ್ತು. ಸ್ಟುಡಿಯೊ ಮುಚ್ಚಿದ ಮೇಲೆ ಮಗಳ ಶಾಲೆಯ ಚೀಲವನ್ನು ಕುರ್ಚಿಗೆ ತೂಗುಹಾಕಿ ಫೋಟೊ ತೆಗೆಯುತ್ತ ಕೂತೆ, ಅದರಲ್ಲೂ ಅಂಥದೇ ಪಟ್ಟಿ ಇತ್ತು. ಮುಂದಿನಿಂದ ಹೊಡೆದರೆ ಅದೇ ಹಾಡು. ಕೊನೆಗೆ ಬೇಸತ್ತು ಫ್ಲ್ಯಾಶನ್ನು ಕ್ಯಾಮೆರಾದಿಂದ ಕಿತ್ತು ಪಕ್ಕದ ಕಪಾಟಿನ ಮೇಲಿಟ್ಟೆ. ತಂತಿಯಿಲ್ಲದೆ ಅದನ್ನು ಉರಿಸುವ ಟ್ರಿಗರ್ ನನ್ನ ಡ್ರಾಯರಿನಲ್ಲೇ ಬಿದ್ದಿತ್ತು, ಉಪಯೋಗಿಸುವ ಉಸಾಬರಿಗೆ ಹೋಗಿರಲಿಲ್ಲ ಅಷ್ಟೇ. ಕ್ಯಾಮೆರಾ ಈ ಕಡೆ, ಬೆಳಕು ಆ ಕಡೆ. ಒತ್ತಿದೆ. ಚೀಲದ ಬಣ್ಣ, ಹೊಲಿಗೆ, ಮಗಳು ಬರೆದ ಪೆನ್ನಿನ ಗೀಚು ಎಲ್ಲವೂ ಕಂಡವು. ಪಟ್ಟಿ ತಣ್ಣಗೆ ಕೂತಿತ್ತು. ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಕೊನೆಯ ಪಾಳಿಯ ರಾತ್ರಿ ಕಟ್ಟೆಯ ಪಕ್ಕದಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಅದಕ್ಕೆ ಫ್ಲ್ಯಾಶ್ ಸಿಕ್ಕಿಸಿದೆ. ಹೊಳೆಯ ಕಡೆಯಿಂದ ಗಾಳಿ ಬಂತು, ಸ್ಟ್ಯಾಂಡ್ ಮಲಗಿತು. ಕಲ್ಲು ಇಟ್ಟೆ, ಮತ್ತೆ ಮಲಗಿತು. ನಾನು ಗಾಳಿಯನ್ನು ಬೈಯುತ್ತಿರುವಾಗಲೇ ಕಾಕು ಅಭ್ಯಾಸದಂತೆ ಕಟ್ಟೆ ಹತ್ತಿ ಬ್ಯಾಟರಿ ಬಿಟ್ಟರು. ಪಟ್ಟಿ ಹೊಳೆಯಿತು, ಸೈಕಲ್ ಬಂತು. ಒಳಗೆ ಹೋಗಲು ಹೊರಟವರನ್ನು ತಡೆದು, ಬ್ಯಾಟರಿ ಇಸಿದುಕೊಂಡು, ಅವರ ಕೈಗೆ ಫ್ಲ್ಯಾಶ್ ಕೊಟ್ಟೆ.

"ದಿನಾ ಬ್ಯಾಟರಿ ಹೆಂಗ ಹಿಡೀತೀರಿ, ಹಂಗ ಹಿಡೀರಿ."

ಕಾಕು ಅದನ್ನು ಕಿವಿಯ ಪಕ್ಕಕ್ಕೆ ಹಿಡಿದು ನಿಂತರು. ನಾನು ರಸ್ತೆಯ ಇನ್ನೊಂದು ಬದಿಗೆ ಹೋದೆ. ಮನೆಯ ಮುಂದಿನ ಬಲ್ಬಿನ ಬೆಳಕಿನಲ್ಲಿ ಫೋಕಸ್ ಹೇಗೋ ಸಿಕ್ಕಿತು. ಕಾಕಾ ಸೈಕಲ್ ಹಿಡಿದು, ಉಸಿರು ಬಿಗಿಹಿಡಿದು, ಆಧಾರ್ ಕಾರ್ಡಿಗೆ ನಿಂತವರ ಹಾಗೆ ನನ್ನನ್ನೇ ನೋಡುತ್ತಿದ್ದರು.

"ಉಸರ ಬಿಡ್ರಿ" ಎಂದು ಕಾಕು ಕಟ್ಟೆಯ ಮೇಲಿಂದ ಗದರಿದರು. "ಡ್ಯೂಟಿ ಮುಗದೈತಿ."

ಕಾಕಾ ಅವರ ಕಡೆ ತಿರುಗಿ ನಕ್ಕರು. ನಾನು ಒತ್ತಿದೆ. ಒಂದೇ ಸಲ ಸಾಕಾಯಿತು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಾಕಾನ ಮುಖ ಗಲ್ಲದ ಸುಕ್ಕು ಸಮೇತ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಊಟ ಮಾಡಿ ಬಂದಿದ್ದರೂ ಅವರ ಮನೆಯಲ್ಲಿ ಕೂತು ಎರಡು ರೊಟ್ಟಿ, ಎಣ್ಣೆಗಾಯಿ ತಿಂದೆ. ಜಾಕೆಟ್ ಗೂಟಕ್ಕೆ ತೂಗಿತ್ತು, ಮುಂಜಾನೆ ಅದು ಸ್ಟೋರಿಗೆ ಹೋಯಿತು.

ಫೋಟೊಗೆ ಕಟ್ಟು ಹಾಕಿಸಿ ನಾನೇ ತೆಗೆದುಕೊಂಡು ಹೋದೆ. ಕಾಕು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮಾರಿ ಚಂದ ಬಂದೈತಿ" ಎಂದರು. ಆಮೇಲೆ ಬೆರಳಿನಿಂದ ಎದೆಯ ಮೇಲಿನ ಪಟ್ಟಿ ಮುಟ್ಟಿದರು. ಅದು ಬರೀ ಬೂದು ಬಣ್ಣದ ಬಟ್ಟೆಯ ಹಾಗೆ ಬಂದಿತ್ತು. "ಆದ್ರ ಇದ್ಯಾಕ ಹೊಳದಿಲ್ಲ? ನೀ ಒತ್ತಿದಾಗ ನಾ ನೋಡೇನಿ. ಭಾಳ ಹೊಳೀತು. ಕಣ್ಣ ಕುಕ್ಕಿದಂಗ ಹೊಳೀತು."

ಮತ್ತೆ ಕೆಡಿಸಿದೆನಲ್ಲ ಎಂದುಕೊಂಡೆ. ಜಾಕೆಟ್ ಇಲ್ಲ, ಇನ್ನೊಂದು ಸಲ ತೆಗೆಯುವ ಹಾಗೂ ಇಲ್ಲ. ಈ ಸಲ ಕ್ಯಾಮೆರಾ ಮೇಲೆ ಹಾಕಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಪಟ್ಟಿಗೆ ಬೆಳಕು ಎಲ್ಲಿಂದ ಬಂತೋ ತಿರುಗಿ ಅಲ್ಲಿಗೇ ಕಳಿಸುವ ಗುಣ ಇದೆ, ದೀಪ ಹಿಡಿದವರ ಕಣ್ಣಿಗಷ್ಟೇ ಅದು ಹೊಳೆಯುವುದು, ದೂರ ಸರಿದು ಇನ್ನೊಂದು ಬದಿಗೆ ನಿಂತವರಿಗೆ ಆ ಹೊಳಪು ಕಾಣುವುದಿಲ್ಲ ಎಂದೆ.

"ಅವತ್ತ ಬೆಳಕು ನಿಮ್ಮ ಕೈಯಾಗಿತ್ತಲ್ರಿ ಕಾಕು. ಅದಕ್ಕ ನಿಮಗಷ್ಟ ಕಂಡೈತಿ. ನನಗೂ ಕಂಡಿಲ್ಲ, ಕ್ಯಾಮೆರಾಕ್ಕೂ ಕಂಡಿಲ್ಲ."

ಕಾಕು ಒಮ್ಮೆ ಅಲ್ಲೇ ಕೂತಿದ್ದ ಕಾಕಾನ ಮುಖ ನೋಡಿದರು, ಒಮ್ಮೆ ಫೋಟೊ ನೋಡಿದರು.

"ನನಗಷ್ಟ?"

"ನಿಮಗಷ್ಟ."

"ಹಂಗಾರ ಅದು ನನ್ನ ಕಡೇನ ಇರಲಿ ಬಿಡು" ಎಂದು, ಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿ, ಫೋಟೊವನ್ನು ಆ ಮೊಳೆಗೆ ತೂಗುಹಾಕಿದರು.